ಪಟ್ಟಿಯ ಮೂರನೆಯ ಹೆಸರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ನಮ್ಮ ಕಾರ್ಯದರ್ಶಿಗಳು ಹದಿನೈದು ದಿನಗಳ ಹಿಂದೆ ಫೋನ್ ಮಾಡಿ, "ಮಾಸ್ತರೇ, ಈ ಸಲ ಮಕ್ಕಳಿಗೆ ನಾಲ್ಕು ಮಾತು ನೀವು ಹೇಳಬೇಕು, ವಿಷಯ ನಿಮ್ಮ ಇಷ್ಟ" ಎಂದರು. ವಿಷಯ ನಿಮ್ಮ ಇಷ್ಟ ಎಂದದ್ದೇ ನನಗೆ ಕಷ್ಟಕ್ಕೆ ಬಂತು. ಉರ್ದು ಮತ್ತು ಕನ್ನಡ ಪಾಠ ಮಾಡುವವನು ನಾನು. ಮಾತೃಭಾಷೆಯ ಬಗ್ಗೆಯೋ ಶಿಕ್ಷಣದ ಮಹತ್ವದ ಬಗ್ಗೆಯೋ ಮಾತನಾಡುತ್ತೇನೆಂದು ತಾವು ನಿರೀಕ್ಷಿಸಿರಬಹುದು. ಅವೆರಡನ್ನೂ ಇದೇ ವೇದಿಕೆಯಲ್ಲಿ ನನಗಿಂತ ಚೆನ್ನಾಗಿ ಹೇಳಿದ ಹಿರಿಯರಿದ್ದಾರೆ. ಆದ್ದರಿಂದ ನಾನು ಇಂದು ಒಂದು ಪಟ್ಟಿಯ ಬಗ್ಗೆ ಮಾತನಾಡುತ್ತೇನೆ. ಅದು ಅಮೆರಿಕದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ತನ್ನ ಮೊದಲ ಪಂದ್ಯಕ್ಕೆ ಮುಂಚೆ ತಯಾರಿಸಿದ ಆಟಗಾರರ ಪಟ್ಟಿ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಉರ್ದು ಮಾಸ್ತರಿಗೆ ಅಮೆರಿಕದ ಫುಟ್‌ಬಾಲ್ ಏಕೆ ಎಂದು ನನ್ನ ಮನೆಯಲ್ಲೂ ಕೇಳಿದರು. ಕಾರಣ ಸರಳವಾದದ್ದು. ನನ್ನ ದೊಡ್ಡಪ್ಪನ ಮಗ, ನಾವೆಲ್ಲ ಭಾಯಿಜಾನ್ ಎಂದು ಕರೆಯುವವರು, ಕೆಲಸದ ಮೇಲೆ ಕೆಲವು ವರ್ಷ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದ್ದರು. ಅಲ್ಲಿ ಒಹಾಯೊ ಸ್ಟೇಟ್ ಎಂಬ ದೊಡ್ಡ ವಿಶ್ವವಿದ್ಯಾಲಯವಿದೆ. ಅದರ ಫುಟ್‌ಬಾಲ್ ಮೈದಾನದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಪಂದ್ಯದ ಶನಿವಾರ ಮೈದಾನದ ಸುತ್ತಮುತ್ತ ಕಾರು ತೆಗೆಯುವುದೇ ಕಷ್ಟ ಎಂದು ಭಾಯಿಜಾನ್ ಹೇಳುತ್ತಿದ್ದರು. ರಜೆಗೆ ಊರಿಗೆ ಬಂದಾಗ ಅವರು ಈ ಕಥೆಯನ್ನು ನನಗೆ ಹೇಳಿದರು. ಆಮೇಲೆ ನಾನೇ ಹುಡುಕಿ ಓದಿದೆ, ಪಂದ್ಯಗಳ ವಿಡಿಯೊ ನೋಡಿದೆ. ಆಟದ ನಿಯಮ ಇಂದಿಗೂ ನನಗೆ ಪೂರ್ತಿ ತಿಳಿದಿಲ್ಲ. ಪಟ್ಟಿ ಮಾತ್ರ ಚೆನ್ನಾಗಿ ಅರ್ಥವಾಯಿತು. ಏಕೆಂದರೆ ಪಟ್ಟಿ ಬರೆಯುವುದು ನನ್ನ ಕಸುಬೂ ಹೌದು.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಫುಟ್‌ಬಾಲ್ ಎನ್ನುವುದನ್ನು ಅವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ ಇಲ್ಲವೇ ಎಸೆಯುತ್ತಾರೆ. ಮೈದಾನದಲ್ಲಿ ಒಂದು ಕಡೆಗೆ 11 ಜನ. ಆದರೆ ಚೆಂಡು ನಮ್ಮ ಬಳಿ ಇದ್ದಾಗ ಆಡುವ 11 ಜನರೇ ಬೇರೆ, ಎದುರಾಳಿಯ ಬಳಿ ಇದ್ದಾಗ ತಡೆಯುವ 11 ಜನರೇ ಬೇರೆ. ಚೆಂಡು ಒದೆಯಲು ಮತ್ತೆ ಬೇರೆಯವರು. ಅಂದರೆ ಪಟ್ಟಿಯ ಮೊದಲ ಸಾಲಿನಲ್ಲೇ ಇಪ್ಪತ್ತೈದರ ಹತ್ತಿರ ಹೆಸರುಗಳು. ನಾನು ಹೇಳಲಿರುವ ವರ್ಷಗಳಲ್ಲಿ ಒಂದು ದೊಡ್ಡ ಕಾಲೇಜು ತಂಡ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು. ವಿದ್ಯಾರ್ಥಿವೇತನವಿಲ್ಲದೆ ತಂಡದಲ್ಲಿ ಇರುತ್ತಿದ್ದವರು ಬೇರೆ.

ಇಷ್ಟು ಜನರಲ್ಲಿ ಯಾರು ಮೊದಲು, ಯಾರು ನಂತರ ಎಂದು ಬರೆಯುವ ಪಟ್ಟಿಗೆ ಅವರು ಡೆಪ್ತ್ ಚಾರ್ಟ್ ಎನ್ನುತ್ತಾರೆ. ನಮ್ಮ ಕ್ರಿಕೆಟ್ ತಂಡದ ಪಟ್ಟಿಯ ಹಾಗಲ್ಲ ಇದು. ಇಲ್ಲಿ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಕಂಬವಿರುತ್ತದೆ. ಕಂಬದ ತುದಿಯಲ್ಲಿ ಮೊದಲು ಆಡುವವನ ಹೆಸರು, ಅದರ ಕೆಳಗೆ ಎರಡನೆಯವನು, ಅವನ ಕೆಳಗೆ ಮೂರನೆಯವನು. ಹೆಸರಿನ ಪಕ್ಕದಲ್ಲಿ ಎತ್ತರ, ತೂಕ, ಕಾಲೇಜಿನಲ್ಲಿ ಎಷ್ಟನೆಯ ವರ್ಷ ಎಂಬುದು ಇರುತ್ತದೆ. ಆಗಸ್ಟ್ ತಿಂಗಳಿಡೀ ಬಿಸಿಲಿನಲ್ಲಿ ಅಭ್ಯಾಸ ನಡೆದು, ಹಂಗಾಮಿನ ಮೊದಲ ಪಂದ್ಯಕ್ಕೆ ಕೆಲವು ದಿನ ಇರುವಾಗ ಪಟ್ಟಿ ಹೊರಬರುತ್ತದೆ. ಪತ್ರಿಕೆಯವರಿಗೆ ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೇಲಿನ ಎರಡು ಹೆಸರುಗಳು ಮಾತ್ರ. ಮೂರನೆಯವನು ತರಬೇತುದಾರರ ಕೋಣೆಯ ಹಲಗೆಯ ಮೇಲೆ ಇರುತ್ತಾನೆ. ಇಬ್ಬರಲ್ಲಿ ಯಾರು ಮುಂದೆ ಎಂದು ತೀರ್ಮಾನವಾಗದಿದ್ದರೆ ಹೆಸರುಗಳ ನಡುವೆ 'ಅಥವಾ' ಎಂದು ಬರೆದುಬಿಡುತ್ತಾರೆ. ಈ 'ಅಥವಾ' ನನಗೆ ತುಂಬ ಹಿಡಿಸಿತು. ನಮ್ಮ ಶಾಲೆಯ ಯಾವ ಪಟ್ಟಿಯಲ್ಲೂ ನಾನು ಅದನ್ನು ನೋಡಿಲ್ಲ.

ಒಂದು ಮಾತು ಪೋಷಕರಿಗಾಗಿ. ಈ ಆಟಗಾರರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾಗಿರಬೇಕು. ಓದಿನಲ್ಲಿ ನಿಗದಿತ ಮಟ್ಟ ಮುಟ್ಟದಿದ್ದರೆ ಆಡುವ ಅರ್ಹತೆ ಹೋಗುತ್ತದೆ, ಕೈಕಾಲು ಎಷ್ಟೇ ಗಟ್ಟಿಯಿದ್ದರೂ ಹೆಸರು ಪಟ್ಟಿಯಿಂದ ಬೀಳುತ್ತದೆ. ನಿಯಮವೇನೋ ಹಾಗಿದೆ. ಅದನ್ನು ಎಲ್ಲ ಕಡೆ ಪ್ರಾಮಾಣಿಕವಾಗಿ ಪಾಲಿಸುತ್ತಾರೆಂದು ನಾನು ಹೇಳಲಾರೆ. ಅಷ್ಟು ದುಡ್ಡು ಓಡಾಡುವ ಕಡೆ ಅಡ್ಡದಾರಿಗಳೂ ಇರುತ್ತವೆ.

ಈಗ 2014ನೇ ಇಸವಿಗೆ ಬರೋಣ. ಒಹಾಯೊ ಸ್ಟೇಟ್ ತಂಡದ ಮುಖ್ಯ ತರಬೇತುದಾರ ಅರ್ಬನ್ ಮೇಯರ್. ಪಟ್ಟಿಯಲ್ಲಿ ಎಲ್ಲರ ಕಣ್ಣು ಬೀಳುವ ಕಂಬ ಕ್ವಾರ್ಟರ್‌ಬ್ಯಾಕ್ ಸ್ಥಾನದ್ದು. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಹೇಗೆ ನಿಂತಿದ್ದಾರೆ ಎಂದು ಓದಿಕೊಂಡು, ಎಸೆಯಬೇಕೋ, ಇನ್ನೊಬ್ಬನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನು. ಆ ಕಂಬದ ತುದಿಯಲ್ಲಿದ್ದ ಹೆಸರು ಬ್ರ್ಯಾಕ್ಸ್‌ಟನ್ ಮಿಲ್ಲರ್. 2012 ಮತ್ತು 2013, ಎರಡು ವರ್ಷವೂ ಅವರ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟದಲ್ಲಿ ಆಕ್ರಮಣದ ಶ್ರೇಷ್ಠ ಆಟಗಾರ ಎಂಬ ಗೌರವ ಪಡೆದಿದ್ದವನು. ಎರಡನೆಯ ಹೆಸರಿಗೆ ಇಬ್ಬರ ನಡುವೆ ಪೈಪೋಟಿ. ಒಬ್ಬ ಟೆಕ್ಸಾಸ್‌ನಿಂದ ಬಂದ ಜೆ. ಟಿ. ಬ್ಯಾರೆಟ್. ಇನ್ನೊಬ್ಬ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಕಾರ್ಡೇಲ್ ಜೋನ್ಸ್. ವಸಂತಕಾಲದ ಅಭ್ಯಾಸ ಮುಗಿದಾಗ ಜೋನ್ಸ್ ಮುಂದಿದ್ದ. ಆಗಸ್ಟ್‌ನಲ್ಲಿ ಬ್ಯಾರೆಟ್ ಅವನನ್ನು ದಾಟಿದ. ಜೋನ್ಸ್ ಮೂರನೆಯವನಾದ.

ಈ ಜೋನ್ಸ್ ಬಗ್ಗೆ ಊರಿಗೆಲ್ಲ ಗೊತ್ತಿದ್ದದ್ದು ಒಂದೇ ವಿಷಯ. 2012ರ ಅಕ್ಟೋಬರಿನಲ್ಲಿ, ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗ ಅವನು ಟ್ವಿಟ್ಟರಿನಲ್ಲಿ ಒಂದು ಸಾಲು ಬರೆದಿದ್ದ. ನಾವು ಬಂದಿರುವುದು ಫುಟ್‌ಬಾಲ್ ಆಡುವುದಕ್ಕೆ, ಶಾಲೆ ಆಟ ಆಡುವುದಕ್ಕಲ್ಲ, ಈ ತರಗತಿಗಳಿಂದ ಏನೂ ಪ್ರಯೋಜನವಿಲ್ಲ ಎಂಬುದು ಅದರ ತಾತ್ಪರ್ಯ. ದೇಶವೆಲ್ಲ ನಕ್ಕಿತು. ಕೆಲವರು ಬೈದರು. ಹದಿಹರೆಯದ ಹುಡುಗ ಒಂದು ಕೆಟ್ಟ ದಿನ ಆಡಿದ ಮಾತು ಎಂದು ಯಾರೂ ಬಿಡಲಿಲ್ಲ. ನಮ್ಮ ಹುಡುಗರೂ ಇಂಥ ಮಾತು ಆಡುತ್ತಾರೆ, ಆದರೆ ಸೈಕಲ್ ಸ್ಟ್ಯಾಂಡಿನ ಬಳಿ ಆಡುತ್ತಾರೆ, ಅಲ್ಲೇ ಮುಗಿಯುತ್ತದೆ. ಮೊಬೈಲಿನಲ್ಲಿ ಬರೆದದ್ದು ಮುಗಿಯುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಸ್ವಲ್ಪ ನೆನಪಿಡಿ.

2014ರ ಹಂಗಾಮಿನ ಮೊದಲ ಪಂದ್ಯ ಆಗಸ್ಟ್ 30ರಂದು ಬಾಲ್ಟಿಮೋರ್‌ನಲ್ಲಿ, ನೌಕಾಪಡೆಯ ಅಕಾಡೆಮಿಯ ತಂಡದ ವಿರುದ್ಧ. ಅದಕ್ಕೆ ಹನ್ನೆರಡು ದಿನ ಮುಂಚೆ, ಆಗಸ್ಟ್ 18ರಂದು ಅಭ್ಯಾಸದಲ್ಲಿ ಚೆಂಡೆಸೆಯುವಾಗ ಮಿಲ್ಲರ್‌ನ ಭುಜಕ್ಕೆ ಪೆಟ್ಟಾಯಿತು. ಯಾರೂ ಅವನ ಮೇಲೆ ಬಿದ್ದಿರಲಿಲ್ಲ. ಆ ವರ್ಷದ ಆರಂಭದಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದ ಅದೇ ಭುಜ. ಅವನ ಹಂಗಾಮು ಪೂರ್ತಿ ಮುಗಿಯಿತು. ಪಟ್ಟಿಯ ತುದಿಯ ಹೆಸರನ್ನು ಅಳಿಸಿದರು, ಕೆಳಗಿನ ಎರಡು ಹೆಸರುಗಳು ಒಂದೊಂದು ಮೆಟ್ಟಿಲು ಮೇಲಕ್ಕೆ ಹತ್ತಿದವು. ಕಾಲೇಜು ಪಂದ್ಯದಲ್ಲಿ ಒಂದೇ ಒಂದು ಸಲವೂ ಚೆಂಡು ಮುಟ್ಟಿರದ ಬ್ಯಾರೆಟ್ ಈಗ ಮೊದಲನೆಯವನು.

ಪಟ್ಟಿಯಲ್ಲಿ ಜನರು ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿಯಿತ್ತು. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುವವರು ಐದು ಜನ. ಹಿಂದಿನ ವರ್ಷದ ಆ ಐವರಲ್ಲಿ ಉಳಿದಿದ್ದವನು ಟೇಲರ್ ಡೆಕರ್ ಒಬ್ಬನೇ, ಅವನನ್ನೂ ಬಲಗಡೆಯಿಂದ ಎಡಗಡೆಗೆ ಬದಲಾಯಿಸಿದ್ದರು. ಉಳಿದ ನಾಲ್ಕು ಸ್ಥಾನಕ್ಕೂ ಹೊಸಬರು. ಹೊಸ ಕ್ವಾರ್ಟರ್‌ಬ್ಯಾಕ್, ಮುಂದೆ ಹೊಸ ಗೋಡೆ. ಮೊದಲ ಪಂದ್ಯದಲ್ಲಿ ಅರ್ಧ ಆಟಕ್ಕೆ ಒಹಾಯೊ ಸ್ಟೇಟ್ 6–7ರಿಂದ ಹಿಂದಿತ್ತು. ಕೊನೆಗೆ 34–17ರಿಂದ ಗೆದ್ದಿತು. ಆದರೆ ಮುಂದಿನ ಶನಿವಾರ ತನ್ನದೇ ಮೈದಾನದಲ್ಲಿ ವರ್ಜೀನಿಯಾ ಟೆಕ್ ತಂಡಕ್ಕೆ 21–35ರಿಂದ ಸೋತಿತು. ಬ್ಯಾರೆಟ್ ಎಸೆದ 29 ಎಸೆತಗಳಲ್ಲಿ ತನ್ನವರ ಕೈ ಸೇರಿದ್ದು 9, ಎದುರಾಳಿಗಳ ಕೈ ಸೇರಿದ್ದು 3. ಪತ್ರಕರ್ತರು ಮತ ಹಾಕಿ ಕೊಡುವ ದೇಶದ ಶ್ರೇಯಾಂಕದಲ್ಲಿ ತಂಡ ಒಂದೇ ವಾರದಲ್ಲಿ 8ರಿಂದ 22ಕ್ಕೆ ಇಳಿಯಿತು.

ಆಗ ಪಟ್ಟಿ ಬದಲಾಯಿಸಿ ಜೋನ್ಸ್‌ನನ್ನು ತರಬಹುದಿತ್ತು. ಮೇಯರ್ ಬದಲಾಯಿಸಲಿಲ್ಲ. ಬ್ಯಾರೆಟ್ ಉಳಿದ, ಗೋಡೆಯೂ ವಾರವಾರಕ್ಕೆ ಗಟ್ಟಿಯಾಯಿತು. ಆಮೇಲೆ ತಂಡ ಒಂದೂ ಪಂದ್ಯ ಸೋಲಲಿಲ್ಲ. ಬ್ಯಾರೆಟ್ ಎಸೆತದಿಂದಲೂ ಓಟದಿಂದಲೂ ಸೇರಿ ಆ ವರ್ಷ 45 ಟಚ್‌ಡೌನ್‌ಗಳಿಗೆ ಕಾರಣನಾದ. ಇದು ಅವರ ಕೂಟದಲ್ಲಿ ಆಗಿನ ದಾಖಲೆ.

ಈ ಮೂರು ತಿಂಗಳು ಜೋನ್ಸ್ ಏನು ಮಾಡುತ್ತಿದ್ದ? ಇದು ನನಗೆ ಮುಖ್ಯವೆನಿಸಿದ ಪ್ರಶ್ನೆ. ಪಂದ್ಯದ ದಿನ ಅಂಚಿನಲ್ಲಿ ನಿಲ್ಲುತ್ತಿದ್ದ. ಗೆಲುವು ಖಚಿತವಾದ ಮೇಲೆ, ಜನ ಎದ್ದು ಹೊರಡುವ ಹೊತ್ತಿಗೆ, ಕೆಲವು ಪಂದ್ಯಗಳ ಕೊನೆಯ ನಿಮಿಷಗಳಲ್ಲಿ ಅವನನ್ನು ಒಳಗೆ ಕಳಿಸುತ್ತಿದ್ದರು. ಅಭ್ಯಾಸದಲ್ಲೂ ಮೊದಲ ಸಾಲಿನವರಿಗೆ ಹೆಚ್ಚು ಅವಕಾಶ, ಕೆಳಗಿನವರಿಗೆ ಉಳಿದದ್ದು. ಅದರಲ್ಲಿ ಅನ್ಯಾಯವಿಲ್ಲ, ದಿನಕ್ಕೆ ಇರುವುದು ಅಷ್ಟೇ ಗಂಟೆಗಳು. ಆದರೆ ಕ್ವಾರ್ಟರ್‌ಬ್ಯಾಕ್‌ಗಳು ಮೂವರೂ ಕೂತು ಕೇಳುವ ಪಾಠ ಒಂದೇ. ಎದುರಾಳಿಗಳ ಹಳೆಯ ಪಂದ್ಯಗಳನ್ನು ಪರದೆಯ ಮೇಲೆ ಮತ್ತೆ ಮತ್ತೆ ಹಾಕಿ, ಇವನು ಇಲ್ಲಿ ನಿಂತರೆ ನೀನು ಏನು ಮಾಡುತ್ತೀ ಎಂದು ಕೇಳುತ್ತಾರೆ. ಆ ಪಾಠದ ಮೇಷ್ಟ್ರು ಟಾಮ್ ಹರ್ಮನ್ ಎಂಬ ಸಹಾಯಕ ತರಬೇತುದಾರ. ಆ ವರ್ಷ ದೇಶದ ಅತ್ಯುತ್ತಮ ಸಹಾಯಕ ತರಬೇತುದಾರನಿಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಅವರಿಗೇ ಬಂತು. ಆಡಿದ ಹುಡುಗನ ಹೆಸರು ಎಲ್ಲರಿಗೂ ಗೊತ್ತು, ಕೋಣೆಯಲ್ಲಿ ಪಾಠ ಹೇಳಿದವನ ಹೆಸರು ಭಾಯಿಜಾನ್‌ಗೂ ನೆನಪಿರಲಿಲ್ಲ. ಮೇಷ್ಟ್ರುಗಳ ಹಣೆಬರಹ ಎಲ್ಲ ಕಡೆಯೂ ಒಂದೇ!

ನವೆಂಬರ್ 29. ಮಿಷಿಗನ್ ವಿರುದ್ಧದ ಪಂದ್ಯ. ಇವೆರಡು ತಂಡಗಳ ಹಗೆತನ ತಲೆಮಾರುಗಳಷ್ಟು ಹಳೆಯದು. ಕೊನೆಯ ಕಾಲುಭಾಗದ ಮೊದಲ ಆಟದಲ್ಲೇ ಬ್ಯಾರೆಟ್‌ನ ಕಣಕಾಲು ಮುರಿಯಿತು. ಅವನು ನೆಲದ ಮೇಲೆ ಬಿದ್ದಿದ್ದಾಗ ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್ನರ್ ಬಂದು ಅವನ ಪಕ್ಕದಲ್ಲಿ ಬಗ್ಗಿ ಸಮಾಧಾನ ಹೇಳಿದ. ಆ ಚಿತ್ರ ನೋಡಿದಾಗ ಹಗೆತನದ ಮಾತೆಲ್ಲ ನನಗೆ ಮರೆತುಹೋಯಿತು. ಮೂರನೆಯ ಹೆಸರು ಮೈದಾನಕ್ಕೆ ಇಳಿಯಿತು. ಆ ಪಂದ್ಯ 42–28ರಿಂದ ಗೆದ್ದರು.

ಆದರೆ ನಿಜವಾದ ಪರೀಕ್ಷೆ ಒಂದು ವಾರದ ನಂತರ. ಡಿಸೆಂಬರ್ 6ರಂದು ಇಂಡಿಯಾನಾಪೊಲಿಸ್‌ನಲ್ಲಿ ವಿಸ್ಕಾನ್ಸಿನ್ ವಿರುದ್ಧ ಬಿಗ್ ಟೆನ್ ಅಂತಿಮ ಪಂದ್ಯ. ಕಾರ್ಡೇಲ್ ಜೋನ್ಸ್ ಕಾಲೇಜು ಜೀವನದಲ್ಲಿ ಮೊದಲಿನಿಂದ ಆಡಲಿಳಿದ ಮೊದಲ ಪಂದ್ಯ ಅದು. ಆ ವರ್ಷ ದೇಶದ ಪ್ರಶಸ್ತಿಗೆ ಮೊದಲ ಸಲ ನಾಲ್ಕು ತಂಡಗಳ ಸುತ್ತು ಏರ್ಪಾಡಾಗಿತ್ತು, ಒಹಾಯೊ ಸ್ಟೇಟ್ ಆಗ ಐದನೆಯ ಸ್ಥಾನದಲ್ಲಿತ್ತು. ಮೂರನೆಯ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡ ತಂಡವನ್ನು ಒಳಗೆ ಸೇರಿಸಬೇಕೇ ಎಂಬ ಚರ್ಚೆ ನಡೆದಿತ್ತು. ಫಲಿತಾಂಶ 59–0. ತಪ್ಪಾಗಿ ಕೇಳಿಸಿಕೊಂಡಿಲ್ಲ, ಐವತ್ತೊಂಬತ್ತಕ್ಕೆ ಸೊನ್ನೆ. ಜೋನ್ಸ್ 17 ಎಸೆತಗಳಲ್ಲಿ 12ನ್ನು ತನ್ನವರಿಗೆ ಮುಟ್ಟಿಸಿ 257 ಗಜ ಗಳಿಸಿದ. ಮರುದಿನ ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು, ಸುತ್ತಿನೊಳಗೆ ಹೊಕ್ಕಿತು.

2015ರ ಜನವರಿ 1ರಂದು ಮೊದಲ ಸ್ಥಾನದ ಅಲಬಾಮ ಎದುರು 6–21ರಿಂದ ಹಿಂದಿದ್ದು 42–35ರಿಂದ ಗೆದ್ದರು. ಜನವರಿ 12ರಂದು ಆರೆಗನ್ ತಂಡವನ್ನು 42–20ರಿಂದ ಸೋಲಿಸಿ ದೇಶದ ಚಾಂಪಿಯನ್ನರಾದರು. ಇದೆಲ್ಲ ಜೋನ್ಸ್ ಒಬ್ಬನ ಸಾಧನೆ ಎಂದು ಹೇಳಿದರೆ ತಪ್ಪಾಗುತ್ತದೆ. ಕೊನೆಯ ಪಂದ್ಯದಲ್ಲಿ ಎಜಿಕೀಲ್ ಎಲಿಯಟ್ ಎಂಬ ಓಟಗಾರನೇ 246 ಗಜ ಓಡಿ ನಾಲ್ಕು ಟಚ್‌ಡೌನ್ ಮಾಡಿದ. ಅವನಿಗೆ ದಾರಿ ಮಾಡಿಕೊಟ್ಟದ್ದು ಆಗಸ್ಟ್‌ನಲ್ಲಿ ಯಾರಿಗೂ ನಂಬಿಕೆಯಿಲ್ಲದಿದ್ದ ಆ ಗೋಡೆ. ಜೋನ್ಸ್ ಮಾಡಿದ್ದು ಏನೆಂದರೆ, ಕರೆದಾಗ ಅವನಿಗೆ ಪಾಠ ಬರುತ್ತಿತ್ತು. ಅಷ್ಟೇ. ಅದೇನು ಸಣ್ಣದಲ್ಲ.

ಮೂರು ದಿನಗಳ ನಂತರ, ಜನವರಿ 15ರಂದು ಅವನು ಕ್ಲೀವ್‌ಲ್ಯಾಂಡಿನ ಒಂದು ಶಾಲೆಯಲ್ಲಿ ಪತ್ರಕರ್ತರನ್ನು ಸೇರಿಸಿದ. ವೃತ್ತಿ ಫುಟ್‌ಬಾಲಿಗೆ ಹೋಗುತ್ತಾನೆ, ಅದನ್ನೇ ಹೇಳಲು ಕರೆದಿದ್ದಾನೆ ಎಂದು ಬಹಳ ಜನ ತಿಳಿದಿದ್ದರು. ಅವನು ಹೇಳಿದ್ದು ಬೇರೆ. ನಾನು ವಿಶ್ವವಿದ್ಯಾಲಯಕ್ಕೆ ಮರಳುತ್ತೇನೆ, ನನಗೆ ಪದವಿ ಮುಖ್ಯ ಎಂದ. ತರಗತಿಗಳಿಂದ ಏನೂ ಪ್ರಯೋಜನವಿಲ್ಲ ಎಂದಿದ್ದ ಹುಡುಗ!

ಕಥೆ ಇಲ್ಲಿಗೆ ನಿಲ್ಲಿಸಿದರೆ ತಮಗೂ ಸಂತೋಷ, ನನಗೂ ಊಟದ ಹೊತ್ತಿಗೆ ಮುಗಿಸಿದ ಸಮಾಧಾನ. ಆದರೆ ಪಟ್ಟಿ ಪ್ರತಿ ವರ್ಷ ಹೊಸದಾಗಿ ಬರೆಯಬೇಕಾದದ್ದು. 2015ರ ಮೊದಲ ಪಂದ್ಯ ಸೆಪ್ಟೆಂಬರ್ 7ರಂದು, ಹಿಂದಿನ ವರ್ಷ ಸೋಲಿಸಿದ ಅದೇ ವರ್ಜೀನಿಯಾ ಟೆಕ್ ವಿರುದ್ಧ, ಈ ಸಲ ಅವರ ಊರಿನಲ್ಲಿ. ಹಂಗಾಮು ಶುರುವಾಗುವ ಮುಂಚಿನ ಪತ್ರಕರ್ತರ ಶ್ರೇಯಾಂಕದಲ್ಲಿ ಮೊದಲ ಸ್ಥಾನದ ಎಲ್ಲ ಮತಗಳೂ ಒಹಾಯೊ ಸ್ಟೇಟ್‌ಗೆ ಬಿದ್ದಿದ್ದವು. ಹಿಂದೆಂದೂ ಯಾವ ತಂಡಕ್ಕೂ ಹಾಗಾಗಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಕಂಬದಲ್ಲಿ ಬರೆಯಬಹುದಾದ ಹೆಸರುಗಳು ಮೂರು. ಎರಡು ಸಲ ಕೂಟದ ಶ್ರೇಷ್ಠನಾದವನು, ಕೂಟದ ದಾಖಲೆ ಮಾಡಿದವನು, ದೇಶದ ಪ್ರಶಸ್ತಿ ಗೆದ್ದುಕೊಟ್ಟವನು. ಜಾಗ ಒಂದು. ನೀವೇ ತರಬೇತುದಾರರಾಗಿದ್ದರೆ ಯಾರ ಹೆಸರನ್ನು ಮೇಲೆ ಬರೆಯುತ್ತಿದ್ದಿರಿ? ನಮ್ಮ ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದ್ದೆ. ಹುಡುಗರೆಲ್ಲ ಜೋನ್ಸ್ ಎಂದರು. ಒಬ್ಬಳು ಹುಡುಗಿ ಮಾತ್ರ, "ಸರ್, ಮಿಲ್ಲರ್‌ಗೆ ಕೇಳಬೇಕಲ್ಲ, ಅವನದು ಏನು ತಪ್ಪು?" ಎಂದಳು.

ಮಿಲ್ಲರ್ ತಾನೇ ದಾರಿ ಹುಡುಕಿಕೊಂಡ. ಭುಜ ಹಿಂದಿನಂತಿಲ್ಲ ಎಂದು ತಿಳಿದು, ಕ್ವಾರ್ಟರ್‌ಬ್ಯಾಕ್ ಕಂಬವನ್ನೇ ಬಿಟ್ಟು, ಎಸೆದ ಚೆಂಡನ್ನು ಹಿಡಿಯುವವರ ಕಂಬಕ್ಕೆ ಹೋದ. ಮೂರು ವರ್ಷ ತಂಡವನ್ನು ನಡೆಸಿದವನು, ಕೊನೆಯ ವರ್ಷದಲ್ಲಿ ಹೊಸ ಕೆಲಸವನ್ನು ಮೊದಲಿನಿಂದ ಕಲಿತ. ಸಂಘಸಂಸ್ಥೆಗಳಲ್ಲಿ ಒಮ್ಮೆ ಅಧ್ಯಕ್ಷರಾದವರು ಮತ್ತೆ ಸಾಮಾನ್ಯ ಸದಸ್ಯರಾಗಿ ಕೂರುವುದು ಎಷ್ಟು ಕಷ್ಟ ಎಂದು ನಾವು ನೋಡಿದ್ದೇವೆ. (ನಮ್ಮ ಸಂಘದ ಮಾತಲ್ಲ, ಅಧ್ಯಕ್ಷರು ಕ್ಷಮಿಸಬೇಕು.) ಆ ಮೊದಲ ಪಂದ್ಯದಲ್ಲೇ ಮಿಲ್ಲರ್ 54 ಗಜದ ಚೆಂಡೊಂದನ್ನು ಹಿಡಿದು ಒಂದು ಟಚ್‌ಡೌನ್, 53 ಗಜ ಓಡಿ ಇನ್ನೊಂದು ಟಚ್‌ಡೌನ್ ಮಾಡಿದ. ಓಡುವಾಗ ಒಂದು ಕಡೆ ಬುಗುರಿಯಂತೆ ತಿರುಗಿ ತಪ್ಪಿಸಿಕೊಂಡದ್ದನ್ನು ವಿಡಿಯೊದಲ್ಲಿ ನೋಡಬೇಕು.

ಉಳಿದ ಇಬ್ಬರಲ್ಲಿ ಯಾರು ಎಂಬುದನ್ನು ಮೇಯರ್ ಪಂದ್ಯ ಶುರುವಾಗುವವರೆಗೆ ಹೊರಗೆ ಬಿಡಲಿಲ್ಲ. ಮೊದಲು ಹೇಳಿದ ಆ 'ಅಥವಾ'ದ ಎರಡು ಕಡೆ ಇಬ್ಬರೂ ತಿಂಗಳುಗಟ್ಟಲೆ ಕಾದರು. ಕೊನೆಗೆ ಜೋನ್ಸ್ ಇಳಿದ, ತಂಡ 42–24ರಿಂದ ಗೆದ್ದಿತು. ಆದರೆ ಆ ವರ್ಷ ಅವನ ಆಟ ಹಿಂದಿನ ಹಾಗೆ ಹರಿಯಲಿಲ್ಲ. ಏಳು ಪಂದ್ಯಗಳಾದ ಮೇಲೆ ಅಕ್ಟೋಬರಿನಲ್ಲಿ ಬ್ಯಾರೆಟ್ ಮತ್ತೆ ಮೊದಲನೆಯವನಾದ. ಜೋನ್ಸ್ ಮೊದಲಿನಿಂದ ಆಡಲಿಳಿದ ಪಂದ್ಯಗಳು ಕಾಲೇಜಿನಲ್ಲಿ ಒಟ್ಟು 11. ಹನ್ನೊಂದರಲ್ಲೂ ಗೆಲುವು. ಒಂದೂ ಸೋಲದೆ ಜಾಗ ಕಳೆದುಕೊಂಡವನು ಅವನು! ಇದು ನ್ಯಾಯವೇ ಎಂದು ನಾನು ತುಂಬ ಯೋಚಿಸಿದ್ದೇನೆ. ತರಬೇತುದಾರ ನೋಡುವುದು ಗೆದ್ದದ್ದನ್ನಲ್ಲ, ಮುಂದಿನ ಶನಿವಾರವನ್ನು. ಅವನ ಜಾಗದಲ್ಲಿ ನಿಂತರೆ ಸರಿಯೆನಿಸುತ್ತದೆ. ಹುಡುಗನ ಜಾಗದಲ್ಲಿ ನಿಂತರೆ ಹಾಗೆನಿಸುವುದಿಲ್ಲ.

2016ರಲ್ಲಿ ಜೋನ್ಸ್‌ನನ್ನು ಬಫಲೋ ಬಿಲ್ಸ್ ಎಂಬ ವೃತ್ತಿ ತಂಡ ಆಯ್ಕೆ ಮಾಡಿಕೊಂಡಿತು. ಅಲ್ಲಿ ಅವನು ಹೆಚ್ಚು ಬೆಳಗಲಿಲ್ಲ. ಮಿಲ್ಲರ್‌ನನ್ನು ಹ್ಯೂಸ್ಟನ್ ತಂಡ ಚೆಂಡು ಹಿಡಿಯುವವನಾಗಿಯೇ ತೆಗೆದುಕೊಂಡಿತು. ಬ್ಯಾರೆಟ್ 2017ರವರೆಗೆ ಕಾಲೇಜಿನಲ್ಲಿ ಆಡಿ, ಕೊನೆಯ ಮೂರು ವರ್ಷವೂ ನಾಯಕರಲ್ಲೊಬ್ಬನಾಗಿದ್ದ. ಮುಂದೆ ವೃತ್ತಿ ತಂಡಗಳು ಅವನನ್ನು ಆಯ್ಕೆಯ ದಿನ ಆರಿಸಲಿಲ್ಲ. ಈಗ ಅವನು ಬೇರೆಯವರಿಗೆ ತರಬೇತಿ ಕೊಡುವ ಕೆಲಸಕ್ಕೆ ಇಳಿದಿದ್ದಾನೆ. ಜೋನ್ಸ್ ವೃತ್ತಿ ಆಟಗಾರನಾದ ಮೇಲೂ ಓದು ಮುಂದುವರಿಸಿ 2017ರ ಮೇ ತಿಂಗಳಲ್ಲಿ ಪದವಿ ಪಡೆದ. ಘಟಿಕೋತ್ಸವದ ಟೋಪಿಯ ಮೇಲೆ ತನ್ನದೇ ಆ ಹಳೆಯ ಮಾತನ್ನು, ಯಾರೋ ಒಬ್ಬ ಹಿಂದೆ ಹೇಳಿದ್ದ ಎಂಬಂತೆ ಬರೆಸಿಕೊಂಡು ಬಂದಿದ್ದ. ನಗುವವರಿಗಿಂತ ಮುಂಚೆ ತಾನೇ ನಕ್ಕುಬಿಟ್ಟ.

ಇಂದಿನ ದಿನ ಇದೇ ಜೋನ್ಸ್ ಇದ್ದಿದ್ದರೆ ಮೂರನೆಯವನಾಗಿ ಕಾಯುತ್ತಿದ್ದನೇ? ಅನುಮಾನ. ಆಗೆಲ್ಲ ಒಂದು ವಿಶ್ವವಿದ್ಯಾಲಯ ಬಿಟ್ಟು ಅದೇ ಮಟ್ಟದ ಇನ್ನೊಂದಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು. ಅದೇ ವರ್ಷದಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವುದಕ್ಕೂ ಅನುಮತಿ ಸಿಕ್ಕಿತು. ತರಬೇತುದಾರರಿಗೆ ಕೋಟಿಗಟ್ಟಲೆ ಕೊಟ್ಟು ಹುಡುಗರಿಗೆ ಬಿಡಿಗಾಸು ಇಲ್ಲದಿದ್ದ ಕಾಲ ಹೋದದ್ದು ಒಳ್ಳೆಯದೇ. ಆದರೆ ಈಗ ಪಟ್ಟಿಯಲ್ಲಿ ಕೆಳಗಿರುವವನು ಗಂಟು ಕಟ್ಟಿಕೊಂಡು ಬೇರೆ ಕಡೆ ಹೋಗಿಬಿಡಬಹುದು. ಅವನನ್ನು ಉಳಿಸಿಕೊಳ್ಳುವುದು ಪಟ್ಟಿ ಬರೆಯುವವನಿಗೆ ಹೊಸ ತಲೆನೋವಾಗಿದೆ.

ನಮ್ಮ ಮಕ್ಕಳು ಹಾಗೆ ಹೋಗುವಂತಿಲ್ಲ. ನಾವು ಯಾವ ಸಾಲಿನಲ್ಲಿ ಬರೆದೆವೋ ಅದೇ ಸಾಲಿನಲ್ಲಿ ಕೂತಿರುತ್ತಾರೆ. ಈ ಅಮೆರಿಕದ ಕಥೆ ನನ್ನನ್ನು ಹಿಡಿದುಕೊಂಡದ್ದು ಅದಕ್ಕೇ. ಇದನ್ನು ಹೇಳದೆ ಇಳಿದರೆ ನಾನು ಇಲ್ಲಿ ನಿಂತದ್ದು ವ್ಯರ್ಥ.

ಕೆಲವು ವರ್ಷಗಳ ಹಿಂದೆ, ನಾನು ಮೊದಲು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ, ಪ್ರತಿಭಾ ಕಾರಂಜಿಯ ಕನ್ನಡ ಭಾಷಣ ಸ್ಪರ್ಧೆಗೆ ಮೂರು ಹೆಸರು ಬರೆದಿದ್ದೆ. ಮೊದಲನೆಯ ಹುಡುಗಿ ಬಹಳ ಚುರುಕು. ಎರಡನೆಯ ಹುಡುಗನೂ ಪರವಾಗಿಲ್ಲ. ಮೂರನೆಯವಳನ್ನು ಸೇರಿಸಿದ್ದು ಅವಳಾಗಿಯೇ ಬಂದು ಕೇಳಿದ್ದಳು ಎಂಬ ಕಾರಣಕ್ಕೆ. ಮನೆಯಲ್ಲಿ ಉರ್ದು ಬಿಟ್ಟರೆ ಬೇರೆ ಮಾತಿಲ್ಲ, ಕನ್ನಡ ಉಚ್ಚಾರಣೆ ಕಷ್ಟ. ಎರಡು ವಾರ ಸಂಜೆ ಸಂಜೆ ಮೊದಲನೆಯವಳನ್ನು ನಿಲ್ಲಿಸಿ ತಿದ್ದಿದೆ. ಎರಡನೆಯವನಿಗೆ ಮೂರು ನಾಲ್ಕು ಸಲ ಹೇಳಿಸಿದೆ. ಮೂರನೆಯವಳು ದಿನವೂ ಬಾಗಿಲ ಬಳಿ ಕಾಗದ ಹಿಡಿದು ನಿಲ್ಲುತ್ತಿದ್ದಳು. "ಸರ್, ನಂದು?" ಎನ್ನುತ್ತಿದ್ದಳು. "ನಾಳೆ ನೋಡೋಣಮ್ಮ" ಎನ್ನುತ್ತಿದ್ದೆ.

ಸ್ಪರ್ಧೆಯ ದಿನ ಮೊದಲನೆಯವಳಿಗೆ ಜ್ವರ. ಹುಡುಗನನ್ನು ಮನೆಯವರು ಮದುವೆಗೆಂದು ಹಿಂದಿನ ದಿನವೇ ಊರಿಗೆ ಕರೆದುಕೊಂಡು ಹೋಗಿದ್ದರು. ಮೂರನೆಯವಳು ವೇದಿಕೆ ಹತ್ತಿದಳು. ಸಂಬೋಧನೆ ಸರಿಯಾಗಿ ಹೇಳಿದಳು. ನಾಲ್ಕು ವಾಕ್ಯ ಹೇಳಿದಳು. ಐದನೆಯದಕ್ಕೆ ನಿಂತಳು. ತೀರ್ಪುಗಾರರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನನಗೆ ಒಂದು ಪದ ಕೂಡ ಹೇಳಿಕೊಡಲಾಗಲಿಲ್ಲ, ಏಕೆಂದರೆ ಅವಳ ಭಾಷಣದಲ್ಲಿ ಏನಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವಳೇ, "ಸರ್, ಬೇಜಾರ್ ಮಾಡ್ಕೋಬೇಡಿ" ಎಂದಳು. ಮುಂದಿನ ವರ್ಷ ಅವಳು ಹೆಸರು ಕೊಡಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ನನಗೆ ಆ ಶಾಲೆ ಬದಲಾಯಿತು.

ಭಾಯಿಜಾನ್ ಜೋನ್ಸ್ ಕಥೆ ಹೇಳಿ ಮುಗಿಸಿದಾಗ ನನಗೆ ಕಂಡದ್ದು ಒಹಾಯೊದ ಮೈದಾನವಲ್ಲ, ಆ ಬಾಗಿಲು. ನಾನು ಅಂದು ಪಟ್ಟಿ ಬರೆದದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ. ಮೊದಲನೆಯವಳೇ ಮೊದಲು ಇರಬೇಕಿತ್ತು. ಪಟ್ಟಿಯಿಲ್ಲದೆ ಶಾಲೆಯೂ ನಡೆಯದು, ತಂಡವೂ ನಡೆಯದು. ಕೊಲಂಬಸ್‌ನ ಆ ಕೋಣೆಯಲ್ಲಿ ಮೂರನೆಯವನಿಗೂ ಕುರ್ಚಿಯಿತ್ತು, ಅದೇ ಪರದೆ, ಅದೇ ಪ್ರಶ್ನೆ. ನನ್ನ ತರಗತಿಯಲ್ಲಿ ಮೂರನೆಯವಳು ಬಾಗಿಲಲ್ಲಿ ನಿಂತಿದ್ದಳು.

ಈ ವರ್ಷವೂ ನಮ್ಮ ಶಾಲೆಯಲ್ಲಿ ಭಾಷಣಕ್ಕೆ ಮೂರು ಹೆಸರು ಬರೆದಿದ್ದೇನೆ. ಒಂದೂ ಎರಡೂ ಹೆಸರಿನ ನಡುವೆ 'ಅಥವಾ' ಎಂದೂ ಬರೆದಿದ್ದೇನೆ. ಮುಖ್ಯೋಪಾಧ್ಯಾಯರು ನೋಡಿ, "ಇದೇನ್ರೀ ಮಾಸ್ತರೇ?" ಎಂದು ಕೇಳಿದರು. ಅಭ್ಯಾಸ ಮಂಗಳವಾರ ಮತ್ತು ಗುರುವಾರ ಸಂಜೆ ನಾಲ್ಕೂವರೆಗೆ. ಮೂವರೂ ಬರುತ್ತಾರೆ, ಗುರುವಾರ ಮೂರನೆಯವನು ಮೊದಲು ಹೇಳುತ್ತಾನೆ. ಅವನು ಈಗ ಇಲ್ಲೇ, ಎಡಗಡೆಯ ಕಂಬದ ಹತ್ತಿರ ಕೂತಿದ್ದಾನೆ. ಅವನಿಗೆ ಇನ್ನೂ 'ಳ'ಕಾರ ಸರಿಯಾಗಿ ಬರುತ್ತಿಲ್ಲ.